ಒಂದು ಕುರ್ಚಿಯ ಅನುದಾನ

ಮೂರು ವರ್ಷದ ತರಬೇತಿಯ ಐದನೇ ವರ್ಷದಲ್ಲಿದ್ದಳು ಆಕೆ. ಲೆಕ್ಕ ತಪ್ಪಿದೆ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ವ್ಯಸನ ಮತ್ತು ಮಾನಸಿಕ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವವರನ್ನು ತಯಾರು ಮಾಡಲೆಂದೇ ಸರ್ಕಾರ ಹುಟ್ಟುಹಾಕಿದ ಆ ಸಂಸ್ಥೆಯಲ್ಲಿ ಕಾಲ ನಡೆಯುತ್ತಿದ್ದದ್ದೇ ಹಾಗೆ. ಸೇರುವಾಗ ಆರು ಜನ ಇದ್ದರು. ತಿಂಗಳ ಕೊನೆ ಬಂದಾಗಲೆಲ್ಲ ಶಿಷ್ಯವೇತನದಲ್ಲಿ ಉಳಿದ ಚಿಲ್ಲರೆ ಬಸ್ಸಿಗೋ ಊಟಕ್ಕೋ ಎಂಬ ಪ್ರಶ್ನೆ ಎದ್ದು, ಐವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಉಳಿದವಳು ಈಕೆಯೊಬ್ಬಳೇ. ಒಬ್ಬಳೇ ಆದ್ದರಿಂದ ಹೆಸರಿನ ಅಗತ್ಯವೂ ಬೀಳಲಿಲ್ಲ. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಈಕೆ ಟ್ರೈನಿಯಮ್ಮ.

ಸಂಸ್ಥೆ ಇದ್ದದ್ದು ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ನೆಲಮಹಡಿಯಲ್ಲಿ ಬ್ರಾಂದಿ ಅಂಗಡಿ. ಬಾಡಿಗೆ ಕಮ್ಮಿ ಎಂದು ಹಿಡಿದ ಜಾಗವದು, ಆದರೆ ವಾರ್ಷಿಕ ವರದಿಯಲ್ಲಿ ನಿರ್ದೇಶಕರು ಅದನ್ನು "ಕ್ಷೇತ್ರಕಾರ್ಯಕ್ಕೆ ಅತ್ಯಂತ ಅನುಕೂಲಕರವಾದ ಪರಿಸರ" ಎಂದು ಬರೆದಿದ್ದರು. ಕ್ಷೇತ್ರಕಾರ್ಯಕ್ಕೆಂದು ಮೂರು ಮಹಡಿ ಇಳಿದವರು ಯಾರೂ ಇರಲಿಲ್ಲ. ಮೇಲೆ ಹತ್ತಿಬಂದವರು ಮಾತ್ರ ಒಬ್ಬಿಬ್ಬರಿದ್ದರು; ಅಂಗಡಿಯ ಶೌಚಾಲಯ ಕೆಟ್ಟಾಗ ಬಂದವರು ಅವರು.

ಒಳಗೆ ಹೋದರೆ ಉದ್ದನೆಯ ಒಂದು ಕೋಣೆ, ಅದರಲ್ಲಿ ಆರು ಮೇಜು, ಆರು ಕುರ್ಚಿ. ಐದು ಕುರ್ಚಿಗಳ ಮೇಲೆ ಹಳೆಯ ಪ್ರಶ್ನಾವಳಿಗಳ ಕಟ್ಟು ಕೂತಿತ್ತು, ಆರನೆಯದರ ಮೇಲೆ ಟ್ರೈನಿಯಮ್ಮ. ಸಂಸ್ಥೆಯ ಪ್ರಾಣವೆಲ್ಲ ಆ ಆರನೇ ಕುರ್ಚಿಯಲ್ಲಿತ್ತು. ಏಕೆಂದರೆ ಎರಡು ವರ್ಷದ ಹಿಂದೆ ಸರ್ಕಾರದಿಂದ ಬಂದ ಸುತ್ತೋಲೆ ಸ್ಪಷ್ಟವಾಗಿ ಹೇಳಿತ್ತು: ತರಬೇತಿಯಲ್ಲಿ ಕನಿಷ್ಠ ಒಬ್ಬರಾದರೂ ಇದ್ದರೆ ಮಾತ್ರ ಅನುದಾನ, ಕುರ್ಚಿ ಖಾಲಿಯಾದರೆ ಇಲ್ಲ. ತರಬೇತಿ ಮುಗಿಸಿದವರು ಎಷ್ಟು ಜನ, ಅವರು ಹೊರಗೆ ಹೋಗಿ ಏನು ಮಾಡುತ್ತಿದ್ದಾರೆ ಎಂದು ಕೇಳುವುದು ಮಾತ್ರ ಸುತ್ತೋಲೆಗೆ ಮರೆತುಹೋಗಿತ್ತು. ಹೀಗಾಗಿ ಅವಳು ಕಲಿತು ಮುಗಿಸಿದರೆ ಸಂಸ್ಥೆಗೆ ನಷ್ಟ, ಕಲಿಯುತ್ತಲೇ ಇದ್ದರೆ ಲಾಭ. ಇಷ್ಟು ಸರಳ ಸಂಗತಿ ಅರ್ಥವಾಗಲು ಸಂಶೋಧಕರೇ ಆಗಬೇಕಿಲ್ಲ.

ಅವಳ ಪ್ರಬಂಧ ಮೂರನೇ ವರ್ಷವೇ ಮುಗಿದಿತ್ತು. ಮುಕ್ತಾಯ ಪತ್ರ ಕೊಡಿ ಎಂದು ಮೊದಲ ಸಲ ಕೇಳಿದಾಗ ನಿರ್ದೇಶಕರು, "ನಾಲ್ಕನೇ ಅಧ್ಯಾಯದಲ್ಲಿ ಒಂದು ಕೋಷ್ಟಕ ಕಮ್ಮಿ ಆಯ್ತಲ್ಲಮ್ಮ" ಎಂದರು. ಆರು ತಿಂಗಳು ಕೂತು ಸೇರಿಸಿ ತಂದಳು. "ಈಗ ಒಂದು ಜಾಸ್ತಿ ಆದಂಗಿದೆ" ಎಂದರು. ತೆಗೆದು ತಂದಳು. "ಮುಂಚೆ ಇದ್ದಿದ್ದೇ ಚೆನ್ನಾಗಿತ್ತು ಅನ್ಸುತ್ತೆ, ನೋಡೋಣ, ಮುಂದಿನ ವಾರ ಬನ್ನಿ" ಎಂದರು. ದಿನಾ ಅಲ್ಲೇ ಕೂರುವವಳಿಗೆ ಮುಂದಿನ ವಾರ ಬನ್ನಿ ಎನ್ನುವುದು ಹೇಗೆ ಎಂದು ಅವರಿಗೂ ಹೊಳೆಯಲಿಲ್ಲ, ಸಿಟ್ಟಿನಲ್ಲಿ ಅವಳಿಗೂ ಹೊಳೆಯಲಿಲ್ಲ.

ಮನೆಯಲ್ಲಿ ಇದನ್ನು ವಿವರಿಸುವುದು ಇನ್ನೂ ಕಷ್ಟವಾಗಿತ್ತು. ತರಬೇತಿಗೆ ಸೇರಿದಾಗ ಮಗಳು ಅಕ್ಷರ ತಿದ್ದುತ್ತಿದ್ದಳು, ಈಗ ನಾಲ್ಕನೇ ತರಗತಿಯಲ್ಲಿ ಭಾಗಾಕಾರ ಮಾಡುತ್ತಿದ್ದಳು. ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎನ್ನುವ ಕಡೆ "ಓದ್ತಿದ್ದಾಳೆ" ಎಂದು ಬರೆದು, "ಅಮ್ಮ, ನೀನು ಫೇಲಾ?" ಎಂದು ಕೇಳಿದ್ದಳು. ಗಂಡ ಬಸ್ಸಿನ ಡ್ರೈವರ್. ಮಾತು ಕಮ್ಮಿ, ಆದರೆ ಆ ದಿನ ಅವನಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಮೂವತ್ತು ವರ್ಷ ಹೊಲಿಗೆ ಮಷಿನ್ನು ತುಳಿದು ಮನೆ ನಡೆಸಿದ ಹೆಂಗಸು. ಅವರ ನಾಲಿಗೆಗೂ ಕತ್ತರಿಗೂ ಹರಿತದಲ್ಲಿ ವ್ಯತ್ಯಾಸವಿರಲಿಲ್ಲ.

"ನಾನು ಮೂರು ತಿಂಗಳಲ್ಲಿ ರವಿಕೆ ಹೊಲಿಯೋದು ಕಲಿಸ್ತಿದ್ದೆ. ಐದು ವರ್ಷ ಕಲಿಸೋಕೆ ನಿಮ್ಮ ಮೇಷ್ಟ್ರ ಹತ್ರ ಅಂಥದ್ದೇನಿದೆಯೇ?" ಎಂದು ಅತ್ತೆ ಕೇಳಿದರೆ, ಅವಳು ಪಾತ್ರೆಗಳನ್ನು ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದಳು.

ಇಂಥ ಹೊತ್ತಿನಲ್ಲಿ ಸರ್ಕಾರಿ ಆಸ್ಪತ್ರೆಯ ವ್ಯಸನಮುಕ್ತಿ ವಿಭಾಗದಿಂದ ನೇಮಕಾತಿ ಆದೇಶ ಬಂತು. ಒಂದೇ ಹುದ್ದೆ. ಎರಡು ವರ್ಷದ ಹಿಂದೆಯೂ ಇದೇ ಹುದ್ದೆಗೆ ಅರ್ಜಿ ಕರೆದಿದ್ದರು, ಮುಕ್ತಾಯ ಪತ್ರ ಇಲ್ಲದ್ದರಿಂದ ಅವಳು ಅರ್ಜಿ ಹಾಕಿರಲಿಲ್ಲ. ಈ ಸಲ ಪತ್ರ ಆಮೇಲೆ ತರುತ್ತೇನೆಂದು ಹೇಳಿ, ಸಂದರ್ಶನದಲ್ಲಿ ಗೆದ್ದು ಬಂದಿದ್ದಳು. ಆದೇಶದ ಕೊನೆಯ ಸಾಲಿನಲ್ಲಿ ಒಂದು ಗಡುವು ಇತ್ತು: ಶುಕ್ರವಾರ ಸಂಜೆ ಐದರೊಳಗೆ ಮುಕ್ತಾಯ ಪತ್ರದೊಂದಿಗೆ ಹಾಜರಾಗದಿದ್ದರೆ ಆದೇಶ ರದ್ದು.

ಅದೇ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಸ್ಥೆಗೆ ಅನುದಾನ ಸಮಿತಿ ಬರುವುದಿತ್ತು.

"ಸಮಿತಿ ಹೋಗ್ಲಿ, ಸೋಮವಾರ ಕೊಡ್ತೀನಿ" ಎಂದರು ನಿರ್ದೇಶಕರು ಅಂದು ಬೆಳಿಗ್ಗೆ. ದಪ್ಪ ಕನ್ನಡಕದ, ಸದಾ ಮಾತಾಡುವ, ಕೆಟ್ಟವರೆಂದು ಹೇಳಲು ಬಾರದ ಮನುಷ್ಯ. ಅವಳ ಮಗಳಿಗೆ ಜ್ವರ ಬಂದಾಗ ತಮ್ಮ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಟ್ಟವರು ಇವರೇ. ಪತ್ರ ಕೊಡದವರೂ ಇವರೇ.

"ಸೋಮವಾರಕ್ಕೆ ಕೆಲಸ ಇರಲ್ಲ ಸರ್."

"ಇವತ್ತು ಕೊಟ್ರೆ ಸಂಸ್ಥೆ ಇರಲ್ವಲ್ಲಮ್ಮ. ನಂಬರಪ್ಪನ ಸಂಬಳ ಎಲ್ಲಿಂದ ತರ್ಲಿ? ಕಸ ಗುಡಿಸೋವಳದ್ದು? ನೀವೇ ಹೇಳಿ."

ನಂಬರಪ್ಪ ಎಂದರೆ ಸಂಸ್ಥೆಯ ಗುಮಾಸ್ತ. ಯಾವ ಕಾಗದಕ್ಕೆ ಸಹಿ ಬಿದ್ದರೂ ಶಾಯಿ ಒಣಗುವ ಮೊದಲೇ ತನ್ನ ರವಾನೆ ಪುಸ್ತಕದಲ್ಲಿ ಏರಿಸಿ, ಅದರ ತಲೆಗೊಂದು ನಂಬರು ಕೊಡುವುದು ಅವನ ಕೆಲಸ. ಕಾಗದ ಆಮೇಲೆ ಎಲ್ಲಿಗೆ ಹೋಯಿತು, ಯಾರಿಗೆ ಸಿಕ್ಕಿತು ಎನ್ನುವುದು ಅವನ ತಲೆನೋವಲ್ಲ. ನಿರ್ದೇಶಕರು ಒಮ್ಮೆ ಹಾಲಿನವನಿಗೆ "ನಾಳೆಯಿಂದ ಅರ್ಧ ಲೀಟರ್ ಸಾಕು" ಎಂದು ಬರೆದು ಸಹಿ ಹಾಕಿದ ಚೀಟಿಗೂ ಅವನು ನಂಬರು ಕೊಟ್ಟಿದ್ದ. ಈಗ ತನ್ನ ಹೆಸರು ಬಂದದ್ದಕ್ಕೆ ಪುಸ್ತಕದಿಂದ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದ.

ಅವಳಿಗೆ ಮೈಯೆಲ್ಲ ಉರಿಯಿತು. ಮೂರು ಜನರ ಸಂಬಳವನ್ನು ತನ್ನೊಬ್ಬಳ ಕುತ್ತಿಗೆಗೆ ಕಟ್ಟಿ, ಈಗ ನೀವೇ ಹೇಳಿ ಎನ್ನುತ್ತಾರಲ್ಲ. ಆದರೂ ಆ ಕ್ಷಣ ಜಗಳ ಆಡಲಿಲ್ಲ. ಜಗಳಕ್ಕೆ ಬೇಕಾದ ಸಮಯವೂ ಇರಲಿಲ್ಲ. ಏಕೆಂದರೆ ಖಾಯಂ ರೋಗಿ ಕೈಕೊಟ್ಟಿದ್ದ.

ಈ ಖಾಯಂ ರೋಗಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಆತ ಬಡಗಿ. ಸಂಸ್ಥೆ ಶುರುವಾದ ಕಾಲದಲ್ಲಿ ಕುಡಿತ ಬಿಡಲು ಬಂದು, ಸಂಸ್ಥೆಯ ಸಹಾಯದಿಂದಲೋ ಹೆಂಡತಿಯ ಹೆದರಿಕೆಯಿಂದಲೋ ನಿಜಕ್ಕೂ ಬಿಟ್ಟುಬಿಟ್ಟಿದ್ದ. ಅಂದಿನಿಂದ ಪ್ರತಿ ಸಮಿತಿಯ ಮುಂದೆಯೂ ಅವನನ್ನೇ ಕರೆತಂದು ಕೂರಿಸಿ, ಸಂದರ್ಶನ ಮಾಡುವ ವಿಧಾನ ತೋರಿಸುತ್ತಿದ್ದರು. ಗುಣವಾದವನನ್ನು ಹದಿನೇಳು ವರ್ಷ ರೋಗಿಯ ಪಾತ್ರದಲ್ಲಿ ಇಟ್ಟುಕೊಂಡದ್ದು ಬಹುಶಃ ಈ ಸಂಸ್ಥೆಯ ಏಕೈಕ ದೀರ್ಘಾವಧಿ ಸಂಶೋಧನೆ. ಈ ಸಲ ಫೋನು ಮಾಡಿದರೆ ಅವನು ಸಾರಾಸಗಟಾಗಿ ಒಲ್ಲೆ ಎಂದ.

"ಮಗಳ ಮದುವೆ ಮಾತು ನಡೀತಿದೆ ಸರ್. ನಾನು ನಿಮ್ಮಲ್ಲಿ ಬಂದು ಕುಡುಕ ಅಂತ ಕೂತಿದ್ದನ್ನ ಬೀಗರು ಕಂಡ್ರೆ? ನಾನು ಬಿಟ್ಟು ಹದಿನೇಳು ವರ್ಷ ಆಯ್ತು. ನಿಮಗೋಸ್ಕರ ಮತ್ತೆ ಶುರು ಮಾಡ್ಲಾ?"

ಸಮಿತಿ ಮೆಟ್ಟಿಲು ಹತ್ತುತ್ತಿದ್ದ ಸದ್ದು ಕೇಳುತ್ತಿತ್ತು. ನಿರ್ದೇಶಕರು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅಂಗಿಯ ಎರಡು ಗುಂಡಿ ತೆಗೆದು, ತಲೆಗೂದಲು ಕೆದರಿಕೊಂಡರು.

"ನಾನೇ ರೋಗಿ ಆಗ್ತೀನಿ. ಕಾಲೇಜಿನಲ್ಲಿ ನಾಟಕದಲ್ಲಿ ಬಹುಮಾನ ತಗೊಂಡವನು ನಾನು. ನೀವು ಸುಮ್ನೆ ಪುಸ್ತಕದಲ್ಲಿರೋ ಹಾಗೆ ಕೇಳ್ತಾ ಹೋಗಿ" ಎಂದರು.

ಪುಸ್ತಕ ಎಂದರೆ ಅವರೇ ಬರೆದ ಮೂವತ್ತು ಪುಟದ ಕೈಪಿಡಿ. ಅದರ ಸಾರವೆಲ್ಲ ಒಂದೇ ನಿಯಮದಲ್ಲಿತ್ತು: ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳಿ, ಮನಸ್ಸಿನಲ್ಲೇ ಹನ್ನೆರಡರವರೆಗೆ ಎಣಿಸಿ. ಎಂಥ ಗಟ್ಟಿ ಕುಳವಾದರೂ ಹನ್ನೆರಡರೊಳಗೆ ಸತ್ಯ ಬಾಯಿಬಿಡುತ್ತಾನೆ. ನಿಯಮ ಒಳ್ಳೆಯದೇ. ಅದನ್ನು ಬರೆದ ಮನುಷ್ಯ ಜನ್ಮದಲ್ಲಿ ಮೂರರವರೆಗೂ ಸುಮ್ಮನಿದ್ದವರಲ್ಲ ಎನ್ನುವುದೊಂದೇ ತಮಾಷೆ.

ಸಮಿತಿಯಲ್ಲಿ ಮೂವರಿದ್ದರು. ನಿವೃತ್ತ ಅಧಿಕಾರಿಣಿಯೊಬ್ಬರು ಅಧ್ಯಕ್ಷೆ. ಜೊತೆಗೊಬ್ಬ ಪ್ರೊಫೆಸರ್, ಒಬ್ಬ ಲೆಕ್ಕಪರಿಶೋಧಕ. ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಮೂವರೂ ಕೂತು ಬಿಸ್ಕತ್ತಿನ ತಟ್ಟೆಯ ಯೋಗಕ್ಷೇಮ ವಿಚಾರಿಸಿದರು. ನಂಬರಪ್ಪ ಚಹಾ ತಂದಿಟ್ಟು, ರವಾನೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಾಗಿಲ ಬಳಿ ನಿಂತ. ನಿರ್ದೇಶಕರು ತೂರಾಡುತ್ತ ಒಳಬಂದು, ಗೋಡೆ ಹಿಡಿದು, ಟ್ರೈನಿಯಮ್ಮನ ಎದುರಿನ ಕುರ್ಚಿಗೆ ಧೊಪ್ಪನೆ ಬಿದ್ದರು. ಪ್ರೊಫೆಸರರಿಗೆ ಆಗಲೇ ನಗು.

"ಈ ಅಭ್ಯಾಸ ಎಷ್ಟು ವರ್ಷದಿಂದ?" ಅವಳು ಮೊದಲ ಪ್ರಶ್ನೆ ಕೇಳಿದಳು.

"ಅಯ್ಯೋ, ಅದೆಲ್ಲ ಯಾಕಮ್ಮ..." ಎಂದು ನಿರ್ದೇಶಕರು ನಾಲಿಗೆ ಹೊರಳಿಸಿದರು. ಅವಳು ಎಣಿಸತೊಡಗಿದಳು. ನಾಲ್ಕಕ್ಕೆ ಅವರು ಕಾಲು ಅಲ್ಲಾಡಿಸಿದರು. ಏಳಕ್ಕೆ ಸೋತರು. "ಹದಿನೆಂಟು ವರ್ಷ."

ಸಂಸ್ಥೆ ಶುರುವಾಗಿಯೂ ಅಷ್ಟೇ ವರ್ಷವಾಗಿತ್ತು. ಅವಳಿಗೆ ಆಗ ಅದು ತಟ್ಟಲಿಲ್ಲ.

"ಬೆಳಿಗ್ಗೆ ಎದ್ದ ತಕ್ಷಣ ಅದರ ಯೋಚನೆ ಬರುತ್ತಾ?"

"ಕಣ್ಣು ಬಿಡೋ ಮುಂಚೆನೇ ಬರುತ್ತೆ. ಈ ಸಲ ಬರುತ್ತೋ ಇಲ್ವೋ, ಬಂದ್ರೂ ಪೂರ್ತಿ ಬರುತ್ತೋ ಅರ್ಧ ಬರುತ್ತೋ ಅಂತ."

"ಬರದಿದ್ರೆ?"

"ಕೈ ನಡುಗುತ್ತೆ. ವರ್ಷದ ಕೊನೆ ಹತ್ರ ಬಂದ್ರೆ ಊಟ ಸೇರಲ್ಲ. ಹೆಂಡತಿ ಮುಂದೆ ನಗ್ತಾ ಇರ್ತೀನಿ, ಒಳಗೆ ಢವಢವ ಅಂತಿರುತ್ತೆ." ತೂರಾಟ ಯಾವಾಗಲೋ ನಿಂತುಹೋಗಿತ್ತು. ಒಳ್ಳೆಯ ನಟರು ಪಾತ್ರಕ್ಕೆ ತಮ್ಮದೇ ನೋವನ್ನು ತುಂಬುತ್ತಾರಂತೆ. ಇವರು ತಮ್ಮ ನೋವನ್ನು ತುಂಬಿ ಪಾತ್ರವನ್ನೇ ಹೊರಗೆ ಚೆಲ್ಲಿಬಿಟ್ಟಿದ್ದರು.

"ಬಿಡೋಕೆ ಪ್ರಯತ್ನ ಮಾಡಿದ್ದೀರಾ?"

ಈ ಸಲ ಹತ್ತರವರೆಗೆ ತಡೆದುಕೊಂಡರು. "ಒಂದ್ಸಲ. ಎರಡು ವರ್ಷದ ಹಿಂದೆ. ಮಧ್ಯಾಹ್ನ ಸಹಿ ಹಾಕಿದೆ. ಎಷ್ಟು ಹಗುರಾಗಿತ್ತು ಗೊತ್ತಾ ಮನಸ್ಸು. ಸಂಜೆ ಸುತ್ತೋಲೆ ಬಂತು."

ಕುಡುಕನಿಗೆ ಸುತ್ತೋಲೆ ಎಲ್ಲಿಂದ ಬರುತ್ತದೆ ಎಂದು ಸಮಿತಿಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಪ್ರೊಫೆಸರ್ "ರೂಪಕಗಳ ಬಳಕೆ ಚೆನ್ನಾಗಿದೆ" ಎಂದು ಬರೆದುಕೊಂಡರು. ಆದರೆ ಆ ಸುತ್ತೋಲೆ ಯಾವುದೆಂದು ಟ್ರೈನಿಯಮ್ಮನಿಗೆ ಗೊತ್ತಿತ್ತು. ಅವಳು ಕೈಪಿಡಿಯನ್ನು ಮೆಲ್ಲಗೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಮುಂದಿನ ಪ್ರಶ್ನೆಗೆ ಪುಸ್ತಕ ಬೇಕಿರಲಿಲ್ಲ.

"ಎಲ್ಲಿ ಬಚ್ಚಿಟ್ಟಿದ್ದೀರಿ?"

ನಿರ್ದೇಶಕರು ಅವಳನ್ನು ನೋಡಿದರು. ಆಗ ಅವರಿಗೂ ಗೊತ್ತಾಯಿತು. ಆದರೆ ಎದುರಿಗೆ ಸಮಿತಿ ಇತ್ತು, ನಾಟಕ ನಡೆಯುತ್ತಿತ್ತು, ಅವಳು ಸುಮ್ಮನಿದ್ದಳು. ಆ ಸುಮ್ಮನಿರುವುದನ್ನು ತಡೆದುಕೊಳ್ಳುವ ಶಕ್ತಿ ದೇವರು ಅವರಿಗೆ ಕೊಟ್ಟಿರಲಿಲ್ಲ.

"ನನ್ನ ಮೇಜಿನ ಮೂರನೇ ಡ್ರಾಯರ್‌ನಲ್ಲಿ. ದಿನಾ ಒಂದ್ಸಲ ತೆಗೆದು ನೋಡಿ, ಮತ್ತೆ ಬೀಗ ಹಾಕ್ತೀನಿ."

"ಇದರಿಂದ ಯಾರಿಗೆ ತೊಂದರೆ ಆಗಿದೆ?"

"ನಿಮಗೆ" ಎಂದುಬಿಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಈ ಕೋಣೆ ಬಿಟ್ಟು ಹೋಗೋ ಮುಂಚೆ ನೀವು ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು?" ಇದು ಕೈಪಿಡಿಯ ಕೊನೆಯ ಪ್ರಶ್ನೆ. ಕುಡುಕರಾದರೆ ಈ ಘಟ್ಟದಲ್ಲಿ ಜೇಬಿನ ಶೀಸೆ ತೆಗೆದು ಮೇಜಿನ ಮೇಲಿಡಬೇಕು ಎಂದು ಅದರಲ್ಲಿ ಬರೆದಿತ್ತು. ಅವಳು ಹನ್ನೆರಡು ಎಣಿಸಿದಳು. ಉತ್ತರ ಬರಲಿಲ್ಲ. ಇನ್ನೊಂದು ಹನ್ನೆರಡು ಎಣಿಸಿದಳು. ಅದಕ್ಕೆ ಕೈಪಿಡಿಯಲ್ಲಿ ಅನುಮತಿ ಇರಲಿಲ್ಲ. ಬಿಸ್ಕತ್ತು ಕಡಿಯುತ್ತಿದ್ದ ಲೆಕ್ಕಪರಿಶೋಧಕ ಕೂಡ ಬಾಯಿ ಅಲ್ಲಾಡಿಸುವುದನ್ನು ನಿಲ್ಲಿಸಿದ.

ನಿರ್ದೇಶಕರು ಎದ್ದು ಪಕ್ಕದ ತಮ್ಮ ಕೋಣೆಗೆ ಹೋದರು. ಬೀಗದ ಕೈ ತಿರುಗಿದ ಸದ್ದು ಕೇಳಿತು. ಒಂದು ಹಾಳೆ ಹಿಡಿದು ಬಂದು, ಅವಳ ಕೈಗೆ ಕೊಟ್ಟರು. ಮುಕ್ತಾಯ ಪತ್ರ. ಸಹಿ ಇತ್ತು, ಮೊಹರು ಇತ್ತು, ಎರಡು ವರ್ಷದ ಹಿಂದಿನ ತಾರೀಖು ಇತ್ತು. ಎರಡು ವರ್ಷ ಅವಳು ಕೋಷ್ಟಕ ಸೇರಿಸಿ, ಕೋಷ್ಟಕ ತೆಗೆದು, ಅತ್ತೆಯ ಮುಂದೆ ತಲೆತಗ್ಗಿಸಿ, ಮಗಳ ಮುಂದೆ ಫೇಲಾಗಿ ಕೂತಿದ್ದಾಗ, ಈ ಹಾಳೆ ಗೋಡೆಯ ಆಚೆ ಹತ್ತು ಹೆಜ್ಜೆ ದೂರದಲ್ಲಿ ಮಲಗಿತ್ತು. ಅವಳಿಗೆ ಸಂತೋಷವೇನೂ ಆಗಲಿಲ್ಲ. ಕಪಾಳಕ್ಕೆ ಹೊಡೆಯಬೇಕು ಎನ್ನಿಸಿತು, ನಿಜವಾಗಿ.

ಸಮಿತಿ ಚಪ್ಪಾಳೆ ತಟ್ಟಿತು.

"ಅದ್ಭುತ!" ಎಂದರು ಪ್ರೊಫೆಸರ್. "ಮೈ ಜುಂ ಅಂತು. ಆ ಕಾಗದ ಇಲ್ಲಿ ಕೊಡಿ, ವರದಿಗೆ ಲಗತ್ತಿಸೋಣ. ನಾಟಕಕ್ಕೆ ಅಂತ ಎಷ್ಟು ಚೆನ್ನಾಗಿ ತಯಾರು ಮಾಡಿದ್ದೀರಿ, ಮೊಹರು ಕೂಡ ಒತ್ತಿದ್ದೀರಿ!"

"ಇದು ನಾಟಕದ್ದಲ್ಲ, ನನ್ನದು" ಎಂದಳು ಟ್ರೈನಿಯಮ್ಮ.

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನಿರ್ದೇಶಕರನ್ನು ನೋಡಿದರು. "ಏನ್ರೀ ಇದು? ಇವರ ತರಬೇತಿ ಮುಗಿದಿದೆಯಾ, ಇಲ್ವಾ?"

ಸಮಿತಿಯ ಎದುರು ತಮ್ಮ ಕೈಪಿಡಿಯ ಇಡೀ ವಿಧಾನವನ್ನು ಸಾಬೀತು ಮಾಡಲು ಆ ಮನುಷ್ಯನಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಬಿಟ್ಟೆ ಎಂದು ಅರ್ಧ ನಿಮಿಷವಾಗಿತ್ತಷ್ಟೇ. ಅವರು ಆರನೇ ಕುರ್ಚಿಯನ್ನು ನೋಡಿದರು, ಹಸಿರು ಬಟ್ಟೆಯ ಮೇಲಿದ್ದ ಅನುದಾನದ ಫೈಲನ್ನು ನೋಡಿದರು. ಅಂಗಿಯ ಗುಂಡಿ ಹಾಕಿಕೊಂಡರು.

"ಇಲ್ಲ ಮೇಡಂ. ಅದು ನಾಟಕಕ್ಕೆ ಅಂತ ಮಾಡಿದ್ದು. ಇವರಿನ್ನೂ ತರಬೇತಿಯಲ್ಲೇ ಇದ್ದಾರೆ."

ಅವಳ ಕೈಯಲ್ಲಿ ಕಾಗದ, ಎದುರಿಗೆ ಮೂವರು ದೊಡ್ಡ ಮನುಷ್ಯರು, ಕೊಟ್ಟವರೇ ಕೊಟ್ಟಿಲ್ಲ ಎನ್ನುತ್ತಿದ್ದಾರೆ. ಅಳುವೋ ಬೈಗುಳವೋ ಯಾವುದು ಮೊದಲು ಬರುತ್ತಿತ್ತೋ ಹೇಳಲಾಗದು. ಅಷ್ಟರಲ್ಲಿ ಬಾಗಿಲ ಬಳಿ ಯಾರೋ ಕೆಮ್ಮಿದರು.

"ಅದು ಆಗಲ್ಲ ಸರ್" ಎಂದ ನಂಬರಪ್ಪ.

ಹದಿನೆಂಟು ವರ್ಷದಲ್ಲಿ ಅವನು ಸಮಿತಿಯ ಮುಂದೆ ಆಡಿದ ಮೊದಲ ಮಾತು ಅದು. ಎಲ್ಲರೂ ತಿರುಗಿದರು. ಅವನು ರವಾನೆ ಪುಸ್ತಕ ಬಿಡಿಸಿ, ಬೆರಳಿಗೆ ಎಂಜಲು ಹಚ್ಚಿ, ಹಾಳೆ ತಿರುವಿದ.

"ಇನ್ನೂರ ಹದಿನಾಲ್ಕು. ಮುಕ್ತಾಯ ಪತ್ರ, ಒಂದು ಹಾಳೆ. ಎರಡು ವರ್ಷದ ಹಿಂದೆ ನಾನೇ ನಂಬರ್ ಕೊಟ್ಟಿದ್ದೀನಿ. ನಂಬರ್ ಕೊಟ್ಟ ಕಾಗದ ನಾಟಕದ್ದು ಹೇಗಾಗುತ್ತೆ ಸರ್? ಹಾಗಂದ್ರೆ ನನ್ನ ಪುಸ್ತಕ ಸುಳ್ಳು ಅಂದಂಗಾಯ್ತು."

ತನ್ನ ಸಂಬಳವೇ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಆದರೆ ಪುಸ್ತಕ ಸುಳ್ಳಾಗುವುದು ಅದಕ್ಕಿಂತ ದೊಡ್ಡ ವಿಷಯ.

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ನಂಬರಪ್ಪ?" ಅವಳು ಅವನ ಕಡೆ ತಿರುಗಿ ಕೇಳಿದಳು.

"ಕಾಗದ ನಿಮಗೆ ಸಿಕ್ಕಿದೆ ಅಂದ್ಕೊಂಡಿದ್ದೆ ತಾಯಿ. ಸಿಕ್ಕಿದ ಮೇಲೂ ದಿನಾ ಯಾಕೆ ಬರ್ತಾರೆ ಅಂತ ನಾನೂ ಯೋಚಿಸ್ದೆ. ಸಂಶೋಧನೆಯವರ ವಿಷಯ, ನಮಗೇನು ಗೊತ್ತಾಗುತ್ತೆ ಅಂತ ಸುಮ್ಮನಾದೆ."

ಈಗ ನಿಜವಾದ ನಾಟಕ ಶುರುವಾಯಿತು. ಲೆಕ್ಕಪರಿಶೋಧಕ ಬಿಸ್ಕತ್ತು ಕೆಳಗಿಟ್ಟು ಫೈಲು ಎಳೆದುಕೊಂಡ. ತರಬೇತಿ ಎರಡು ವರ್ಷದ ಹಿಂದೆಯೇ ಮುಗಿದಿದ್ದರೆ, ಎರಡು ವರ್ಷದಿಂದ ಸರ್ಕಾರ ಖಾಲಿ ಕುರ್ಚಿಗೆ ಅನುದಾನ ಕೊಟ್ಟಿದೆ ಎಂದಾಯಿತು. ಹಾಳೆ ತಿರುವುತ್ತ ಹೋದ ಅವನ ಮುಖ ಸ್ವಲ್ಪ ಹೊತ್ತಿಗೆ ಹುಳ್ಳಗಾಯಿತು. ಏಕೆಂದರೆ ಹೋದ ವರ್ಷ ಇದೇ ಕೋಣೆಗೆ ಬಂದು, ಇದೇ ಬಿಸ್ಕತ್ತು ತಿಂದು, "ತರಬೇತಿ ತೃಪ್ತಿಕರವಾಗಿ ಮುಂದುವರಿಯುತ್ತಿದೆ" ಎಂದು ಬರೆದು ಸಹಿ ಹಾಕಿದವರು ಇದೇ ಮೂವರು. ಅವನು ಆ ಹಾಳೆಯನ್ನು ಅಧ್ಯಕ್ಷೆಯ ಕಡೆ ಸರಿಸಿದ. ಅಧ್ಯಕ್ಷೆ ಓದಿ ಪ್ರೊಫೆಸರರ ಕಡೆ ಸರಿಸಿದರು. ಪ್ರೊಫೆಸರ್ ಬರೆದುಕೊಂಡಿದ್ದ ರೂಪಕದ ಸಾಲನ್ನು ಹೊಡೆದುಹಾಕಿದರು.

ಆಮೇಲಿನ ಹತ್ತು ನಿಮಿಷದಲ್ಲಿ ಆ ಕೋಣೆಯಲ್ಲಿ ನಡೆದಷ್ಟು ಚುರುಕಾದ ಕೆಲಸ ಹದಿನೆಂಟು ವರ್ಷದಲ್ಲಿ ನಡೆದಿರಲಿಲ್ಲ. ಮುಕ್ತಾಯ ಪತ್ರವನ್ನು ಇವತ್ತಿನ ತಾರೀಖಿಗೆ ಹೊಸದಾಗಿ ಬರೆಯುವುದು ಎಂದು ಅಧ್ಯಕ್ಷೆ ತೀರ್ಮಾನಿಸಿದರು. ಹಳೆಯದು "ಕರಡು ಪ್ರತಿ" ಆಯಿತು. ಪುಸ್ತಕದಲ್ಲಿ ಹಳೆಯ ಸಾಲು ತಿದ್ದಲು ನಂಬರಪ್ಪ ಸುತರಾಂ ಒಪ್ಪಲಿಲ್ಲ. ಹೊಸ ಕಾಗದಕ್ಕೆ ಹೊಸ ನಂಬರು ಕೊಟ್ಟ. ಇನ್ನು ಅನುದಾನದ ಮಾತು. ಕುರ್ಚಿ ಖಾಲಿಯಾಯಿತಲ್ಲ ಎಂದು ನಿರ್ದೇಶಕರು ತಲೆ ಮೇಲೆ ಕೈಹೊತ್ತು ಕೂತಿದ್ದರು. ಆದರೆ ಲೆಕ್ಕಪರಿಶೋಧಕ ಬಲು ಚಾಲಾಕಿ ಮನುಷ್ಯ.

"ಸದ್ಯ ತರಬೇತಿಯಲ್ಲಿದ್ದವರು ಒಬ್ಬರು. ಮುಗಿಸಿದವರು ಒಬ್ಬರು. ಅಂದ್ರೆ ನೂರಕ್ಕೆ ನೂರು ಯಶಸ್ಸು ಮೇಡಂ. ದೇಶದಲ್ಲಿ ಎಲ್ಲೂ ಇಲ್ಲ. ಇಂಥ ಸಂಸ್ಥೆಗೆ ಅನುದಾನ ದುಪ್ಪಟ್ಟು ಮಾಡಬೇಕು, ಹನ್ನೆರಡು ಕುರ್ಚಿ ಕೊಡಬೇಕು ಅಂತ ಬರೆಯೋಣ. ಹೊಸಬರು ಸೇರೋಕೆ ಒಂದು ವರ್ಷ ಸಮಯ ಕೊಟ್ಟರಾಯ್ತು."

ಯಾರೂ ಇಲ್ಲ ಎನ್ನಲಿಲ್ಲ. ನಿರ್ದೇಶಕರ ಮುಖಕ್ಕೆ ರಕ್ತ ಮರಳಿತು, ಕೈ ನಡುಗುವುದು ನಿಂತಿತು. ಅಷ್ಟು ಬೇಗ ಯಾವ ಔಷಧಿಯೂ ಕೆಲಸ ಮಾಡುವುದಿಲ್ಲ. ಅವಳನ್ನು ಬಾಗಿಲವರೆಗೆ ಕಳಿಸಲು ಬಂದು, "ಮನಸ್ಸಿನಲ್ಲಿ ಏನೂ ಇಟ್ಕೋಬೇಡಿ ಅಮ್ಮ. ನಿಮ್ಮ ಪರಿಚಯದಲ್ಲಿ ಯಾರಾದ್ರೂ ಸೇರೋರಿದ್ರೆ ಕಳಿಸಿ" ಎಂದರು. ಅವಳು ಮೆಟ್ಟಿಲಿಳಿದಳು. ಐದಕ್ಕೆ ಇನ್ನೂ ನಾಲ್ಕು ಗಂಟೆ ಇತ್ತು. ಆದರೂ ಬಸ್ಸಿಗೆ ಕಾಯದೆ ಆಟೋ ಹಿಡಿದಳು.

ಆಸ್ಪತ್ರೆಯಲ್ಲಿ ಕಾಗದ ತೆಗೆದುಕೊಂಡ ಹೆಂಗಸು ತಾರೀಖನ್ನೂ ನೋಡಲಿಲ್ಲ, ನಂಬರನ್ನೂ ನೋಡಲಿಲ್ಲ. "ಅಂತೂ ಒಬ್ರು ಬಂದ್ರಲ್ಲ" ಎಂದು ಹಾಜರಿ ಪುಸ್ತಕ ಮುಂದಿಟ್ಟಳು.

ಮಾರನೆಯ ದಿನ ಬೆಳಿಗ್ಗೆ ಎಂಟೂವರೆಗೆ ಹೋದಾಗ ಅವಳ ಕೋಣೆಯ ಮುಂದಿನ ಸಾಲು ಎಕ್ಸ್-ರೇ ಕೋಣೆ ದಾಟಿ, ಔಷಧಿ ಕೊಡುವ ಕಿಟಕಿ ದಾಟಿ, ಹೊರಗಿನ ಸೈಕಲ್ ನಿಲ್ದಾಣದವರೆಗೂ ಹೋಗಿತ್ತು. ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳು. ಇಲ್ಲಿ ಯಾವ ನಾಟಕವೂ ಇರಲಿಲ್ಲ. ಐದು ವರ್ಷದಲ್ಲಿ ಅವಳು ನಿಜವಾದ ರೋಗಿಯ ಎದುರು ಕೂರುತ್ತಿದ್ದದ್ದು ಇದೇ ಮೊದಲು. ಕರವಸ್ತ್ರದಿಂದ ಧೂಳು ಒರೆಸಿ, ಮೊದಲನೆಯವರನ್ನು ಒಳಗೆ ಕರೆದಳು.

ಬಂದವಳು ಅವಳದೇ ವಯಸ್ಸಿನ ಹೆಂಗಸು, ಇಸ್ತ್ರಿ ಅಂಗಡಿಯಲ್ಲಿ ಕೆಲಸವಂತೆ. ಜೊತೆಯಲ್ಲಿ ಮೂವತ್ತರ ಆಸುಪಾಸಿನ ಗಂಡಸು, ನಿಂತಲ್ಲೇ ನಡುಗುತ್ತಿದ್ದ.

"ನಿಮ್ಮ ಯಜಮಾನರಾ?" ಎಂದು ಕೇಳಿದಳು.

"ಅಲ್ಲ. ನನ್ನ ಮೈದುನ" ಎಂದಳು ಆ ಹೆಂಗಸು. ಕೋಣೆಯನ್ನೊಮ್ಮೆ ಸುತ್ತ ನೋಡಿದಳು. "ಯಜಮಾನರನ್ನೂ ಇಲ್ಲಿಗೇ ಕರ್ಕೊಂಡು ಬಂದಿದ್ದೆ. ಎರಡು ವರ್ಷದ ಹಿಂದೆ, ನಾಲ್ಕು ಸಲ. ಆಗ ಇಲ್ಲಿ ಯಾರೂ ಇರ್ಲಿಲ್ಲ. ಬರ್ತಾರೆ, ಮುಂದಿನ ವಾರ ಬನ್ನಿ ಅಂತಿದ್ರು."

ಆಮೇಲೇನಾಯಿತು ಎಂದು ಕೇಳಬೇಕಾಗಿರಲಿಲ್ಲ; ತಾಳಿಯಿಲ್ಲದ ಆ ಹೆಂಗಸಿನ ಕೊರಳು ಆಗಷ್ಟೇ ಅವಳ ಕಣ್ಣಿಗೆ ಬಿತ್ತು. ಆ ಎರಡು ವರ್ಷ ತಾನು ಎಲ್ಲಿ ಕೂತಿದ್ದೆ, ಯಾವ ಕುರ್ಚಿ ತುಂಬುತ್ತಿದ್ದೆ ಎಂದು ಈ ಹೆಂಗಸಿಗೆ ಹೇಳುವುದು ಹೇಗೆ? ಕೋಷ್ಟಕ ತಿದ್ದುತ್ತಿದ್ದೆ ಎನ್ನಲೇ? ನಿನ್ನೆ ನಿರ್ದೇಶಕರ ಕಪಾಳಕ್ಕೆ ಹೊಡೆಯಬೇಕೆನ್ನಿಸಿದ ಸಿಟ್ಟು ಈಗ ನಾಚಿಕೆಯಾಗಿ ಅವಳ ಮೇಲೇ ತಿರುಗಿತ್ತು. ಒಂದು ಸಲವಾದರೂ ಗಟ್ಟಿಯಾಗಿ ಜಗಳ ಆಡಿದ್ದರೆ, ಆ ಡ್ರಾಯರನ್ನು ಒಡೆದೇ ಹಾಕಿದ್ದರೆ.

"ನೀವು ಇರ್ತೀರಲ್ವಾ ಮೇಡಂ? ಮತ್ತೆ ಹೋಗಲ್ಲ ತಾನೆ?" ಎಂದು ಕೇಳಿದಳು ಹೆಂಗಸು.

"ಇರ್ತೀನಿ" ಎಂದಳು. ಕೋಣೆಯಲ್ಲಿ ಬಂದವರಿಗೆಂದು ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಡುಗುವವನನ್ನು ಕೂರಿಸಿದ್ದಾಯಿತು. ಅವಳು ತನ್ನ ಕುರ್ಚಿಯನ್ನು ಎತ್ತಿ ತಂದು ಆ ಹೆಂಗಸಿಗೆ ಹಾಕಿ, ತಾನು ಮೇಜಿಗೆ ಒರಗಿ ನಿಂತು, "ಇವರ ವಿಷಯ ಆಮೇಲೆ. ಮೊದಲು ನಿಮ್ಮ ಯಜಮಾನರ ವಿಷಯ ಹೇಳಿ" ಎಂದಳು.